ಇಂದಿನ ಇಸ್ರೇಲ್ ದೇಶ ಬೈಬಲ್ಲಿನ ವಾಗ್ದಾನದ ನೆರವೇರಿಕೆಯೇ?

ಪರ: ದೇವರು ಕೊಟ್ಟ ಮಾತು

ಪರವಾಗಿ ಬರೆಯಿರಿ ಎಂದು ಕೇಳಿದಾಗ ಎರಡು ದಿನ ಯೋಚಿಸಿದೆ. ಇಸ್ರೇಲ್ ಸರ್ಕಾರ ಮಾಡಿದ್ದೆಲ್ಲ ಸರಿ ಎಂದು ನಾನು ಹೇಳಲಾರೆ. ಆದರೂ ಒಪ್ಪಿಕೊಂಡೆ. ಯೆಹೂದ್ಯರ ಮೂಲಪುರುಷ ಅಬ್ರಹಾಮನ ಸಂತತಿಗೆ ಕಾನಾನ್ ನಾಡನ್ನು, ಅಂದರೆ ಇಂದು ಇಸ್ರೇಲ್, ಪ್ಯಾಲೆಸ್ತೀನ್ ಇರುವ ನೆಲವನ್ನು, ಕೊಡುತ್ತೇನೆ ಎಂದು ದೇವರು ಮಾತು ಕೊಟ್ಟಿದ್ದಾನೆ. ಆದಿಕಾಂಡದ 17ನೇ ಅಧ್ಯಾಯದಲ್ಲಿ ಅದು ಶಾಶ್ವತ ಎಂದೇ ಇದೆ. ಆ ಮಾತು ಬಿದ್ದುಹೋದರೆ ನಮಗೆ ಕೊಟ್ಟ ಮಾತನ್ನು ನಂಬುವುದು ಹೇಗೆ?

ದೇವರು ಯೆಹೂದ್ಯರನ್ನು ಕೈಬಿಟ್ಟ, ಅವರ ಜಾಗಕ್ಕೆ ಸಭೆ, ಅಂದರೆ ಕ್ರೈಸ್ತ ಸಮುದಾಯ, ಬಂತು ಎಂದು ನಮ್ಮವರು ನೂರಾರು ವರ್ಷ ಬೋಧಿಸಿದರು. ಅದರಿಂದ ಏನಾಯಿತು? 1543ರಲ್ಲಿ ಪ್ರೊಟೆಸ್ಟೆಂಟ್ ಸುಧಾರಕ ಲೂಥರ್, ಯೆಹೂದ್ಯರ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳಿಗೆ ಬೆಂಕಿ ಇಡಿ ಎಂದು ಬರೆದರು. 400 ವರ್ಷದ ಮೇಲೆ, ಕ್ರೈಸ್ತರೇ ತುಂಬಿದ್ದ ಯುರೋಪಿನಲ್ಲಿ 60 ಲಕ್ಷ ಯೆಹೂದ್ಯರ ಕೊಲೆಯಾಯಿತು. ಕೊನೆಗೆ 1965ರಲ್ಲಿ ಕ್ಯಾಥೊಲಿಕರ ವ್ಯಾಟಿಕನ್ ಪರಿಷತ್ತು ಅಪೊಸ್ತಲ ಪೌಲನ ಮಾತಿಗೆ ಮರಳಿತು. ರೋಮಾಪುರದವರಿಗೆ ಬರೆದ ಪತ್ರದ 11ನೇ ಅಧ್ಯಾಯ ನೋಡಿ: ದೇವರು ಕೊಟ್ಟ ವರವನ್ನೂ ಕರೆಯನ್ನೂ ಹಿಂದೆ ತಗೊಳ್ಳುವುದಿಲ್ಲ. ಇದನ್ನು ಒಪ್ಪಿದ ಮೇಲೆ 1948ರಲ್ಲಿ ಇಸ್ರೇಲ್ ದೇಶ ಹುಟ್ಟಿದ್ದು ಸುಮ್ನೆ ರಾಜಕೀಯ ಎನ್ನಲು ನನ್ನಿಂದ ಆಗದು.

ಪ್ಯಾಲೆಸ್ತೀನಿಯರ ನೋವು ದೊಡ್ಡದೇ. ಆದರೆ ಅದು ಗಡಿ, ಕಾನೂನಿಗೆ ಸೇರಿದ್ದು. ನನ್ನನ್ನು ಕೇಳಿರುವುದು ವಾಗ್ದಾನದ ಬಗ್ಗೆ.

ವಿರೋಧ: ಬೆತ್ಲೆಹೇಮಿನ ಅಂಗಡಿಯಲ್ಲಿ

ನಾನು ಯಾತ್ರೆಗೆ ಹೋಗುವ ಮುಂಚೆ ಮೇಲಿನ ಮಾತುಗಳನ್ನೇ ಆಡುತ್ತಿದ್ದೆ.

ಬೆತ್ಲೆಹೇಮಿನಲ್ಲಿ ನಮ್ಮ ಬಸ್ಸು ಒಂದು ಅಂಗಡಿ ಮುಂದೆ ನಿಂತಿತು. ಆಲಿವ್ ಮರದಲ್ಲಿ ಕೆತ್ತಿದ ಗೋದಲಿ, ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ, ಆರಿಸಿಕೊಂಡೆ. ಅಂಗೈಯಗಲದ್ದು. ಅಂಗಡಿಯವರು ಅದನ್ನು ಹಳೇ ಪೇಪರಿನಲ್ಲಿ ಎರಡು ಸುತ್ತು ಸುತ್ತಿದರು. ಕುತ್ತಿಗೆಯಲ್ಲಿ ಶಿಲುಬೆ ಇತ್ತು. ಈಸ್ಟರ್‌ಗೆ ಯೆರೂಸಲೇಮಿಗೆ ಹೋಗ್ತೀರಾ ಎಂದು ಕೇಳಿದೆ. ಈ ಸಲ ಮಗಳಿಗೆ ಇಸ್ರೇಲ್ ಕೊಡುವ ಪರ್ಮಿಟ್ ಸಿಕ್ಕಿದೆ, ನನಗೆ ಸಿಕ್ಕಿಲ್ಲ ಎಂದರು. ಹಿಂದಿನ ವರ್ಷ ಇವರಿಗೆ ಸಿಕ್ಕಿ ಮಗಳಿಗೆ ಸಿಕ್ಕಿರಲಿಲ್ಲವಂತೆ. ಯೇಸುವಿನ ಸಮಾಧಿಯ ಗುಡಿ ಅಲ್ಲಿಂದ ಸುಮಾರು 10 ಕಿಲೋಮೀಟರ್. ಆಮೇಲೆ ನಮ್ಮ ಬಸ್ಸು ಚೆಕ್‌ಪೋಸ್ಟ್ ದಾಟಿತು. ನಮ್ಮಲ್ಲಿ ಒಬ್ಬರೂ ಇಳಿಯಬೇಕಾಗಲಿಲ್ಲ. ಹಿಂದಿನ ಸೀಟಿನವರು ಹಾಡು ಶುರು ಮಾಡಿದರು. ನನಗೆ ದನಿ ಕೂಡಿಸಲು ಆಗಲಿಲ್ಲ.

ಪರ ನಿಂತವರಿಗೆ ಬೈಬಲ್ ಎಂದರೆ ಜಮೀನಿನ ಪಹಣಿ. ಈ ಓದು ಆದಿಸಭೆಯಿಂದ ಬಂದದ್ದಲ್ಲ. ನಮ್ಮ ಪಾಸ್ಟರುಗಳು ಇಂದು ಹೇಳುವ ರೂಪದಲ್ಲಿ ಅದು ಜಾಸ್ತಿ ಹರಡಿದ್ದು 19ನೇ ಶತಮಾನದಲ್ಲಿ ಬೋಧಕ ಡಾರ್ಬಿಯಿಂದ, ಆಮೇಲೆ 1909ರಲ್ಲಿ ಅಮೆರಿಕದ ಸ್ಕೋಫೀಲ್ಡ್ ಹೊರತಂದ ಬೈಬಲ್ಲಿನ ಅಡಿಟಿಪ್ಪಣಿಗಳಿಂದ. ರೋಮಾಪುರದ ಪತ್ರವನ್ನು ಎತ್ತುತ್ತಾರೆ; ಅಲ್ಲಿ ಭೂಮಿಯ ಮಾತೇ ಇಲ್ಲ. ಗಲಾತ್ಯದವರಿಗೆ ಬರೆದ ಪತ್ರದ 3ನೇ ಅಧ್ಯಾಯದಲ್ಲಿ, ಕ್ರಿಸ್ತನಿಗೆ ಸೇರಿದವರೇ ಅಬ್ರಹಾಮನ ಸಂತತಿ ಎಂದು ಪೌಲ ಬಿಡಿಸಿ ಹೇಳಿದ್ದಾನೆ. ಆ ಅಂಗಡಿಯವರೂ ಅಬ್ರಹಾಮನ ಸಂತತಿ ಅಲ್ವಾ? 2006ರಲ್ಲಿ ಯೆರೂಸಲೇಮಿನ ನಾಲ್ಕು ಸಭೆಗಳ ಮುಖ್ಯಸ್ಥರು ಕ್ರೈಸ್ತ ಜಿಯೋನಿಸಂ, ಅಂದರೆ ಇಂದಿನ ಇಸ್ರೇಲನ್ನು ಬೈಬಲ್ಲಿನ ಹೆಸರಲ್ಲಿ ಬೆಂಬಲಿಸುವ ಈ ಓದು, ತಪ್ಪು ಬೋಧನೆ ಎಂದು ಒಟ್ಟಾಗಿ ಸಾರಿದರು. ಅಲ್ಲೇ ಹುಟ್ಟಿ ಬೆಳೆದ ಕ್ರೈಸ್ತರನ್ನು ನಾವು ಕೇಳಿಯೇ ಇಲ್ಲ.

ಇದು ಬರೀ ಕಾನೂನಿನ ವಿಷಯ ಎನ್ನುವವರು ಬೈಬಲ್ಲಿನ ನಾಬೋತನ ದ್ರಾಕ್ಷಿತೋಟ ನೆನೆಸಿಕೊಳ್ಳಲಿ. ವಾಗ್ದಾನದ ನಾಡಿನಲ್ಲೇ, ಇಸ್ರೇಲಿನ ಅರಸನೇ ತೋಟ ಕಿತ್ತುಕೊಂಡಾಗ ದೇವರು ಅವನನ್ನು ಖಂಡಿಸಲು ಪ್ರವಾದಿ ಎಲೀಯನನ್ನು ಕಳಿಸಿದ. ಗಲಿಲಾಯದ ಇಕ್ರಿತ್ ಎಂಬ ಕ್ರೈಸ್ತರ ಹಳ್ಳಿಯ ಜನರನ್ನು 1948ರ ನವೆಂಬರಿನಲ್ಲಿ, 15 ದಿನಕ್ಕೆ ಮಾತ್ರ ಎಂದು ಹೇಳಿ ಇಸ್ರೇಲಿನ ಸೈನ್ಯ ಎಬ್ಬಿಸಿತು. ಅವರು ಕೋರ್ಟಿಗೆ ಹೋದರು. 1951ರಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟೇ ಅವರ ಪರ ತೀರ್ಪು ಕೊಟ್ಟಿತು. ಅದೇ ವರ್ಷ ಕ್ರಿಸ್ಮಸ್ ಹೊತ್ತಿಗೆ ಸೈನ್ಯ ಮನೆಗಳನ್ನೆಲ್ಲ ಸ್ಫೋಟಿಸಿತು. ಗುಡಿ ಮಾತ್ರ ಉಳಿಯಿತು. ಇಂದಿಗೂ ಆ ಊರಿನವರು ತೀರಿಕೊಂಡವರನ್ನು ಅಲ್ಲಿಗೇ ತಂದು ಮಣ್ಣು ಮಾಡುತ್ತಾರೆ.