ಹಾಕಿ ಅಂದರೆ ಹಾಕಿ

ಆಗಸ್ಟ್ 15ಕ್ಕೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕ್ವಿಜ್ ನಡೆಸುವ ಕೆಲಸ ಈ ಸಲ ನನ್ನ ತಲೆಗೆ ಬಂತು. ಬಾವುಟ ಹಾರಿಸಿದ ಮೇಲೆ, ಜಾಮೂನು ಹಂಚುವ ಮೊದಲು ಹತ್ತು ಪ್ರಶ್ನೆ. ಐದರವರೆಗೆ ಎಲ್ಲ ಚೆನ್ನಾಗಿತ್ತು. ಆರನೆಯದು: ನಮ್ಮ ರಾಷ್ಟ್ರೀಯ ಕ್ರೀಡೆ ಯಾವುದು?

"ಹಾಕಿ!" ಮಕ್ಕಳು, ಅಜ್ಜಂದಿರು, ವಾಚ್‌ಮನ್ ಎಲ್ಲ ಒಟ್ಟಿಗೆ ಕೂಗಿದರು. ಬಡಿಸುವ ಹುಡುಗ ತನಗೇ ಹೇಳಿದ್ದೆಂದುಕೊಂಡು ಜಾಮೂನು ಹಾಕಲು ಶುರು ಮಾಡಿದ.

"ತಪ್ಪು. ಯಾವುದೂ ಇಲ್ಲ" ಎಂದೆ.

2012ರಲ್ಲಿ ಲಖನೌದ ಶಾಲಾ ಹುಡುಗಿಯೊಬ್ಬಳು ಮಾಹಿತಿ ಹಕ್ಕಿನಲ್ಲಿ ಇದೇ ಪ್ರಶ್ನೆ ಕೇಳಿದ್ದಳು. ಯಾವ ಆಟವನ್ನೂ ಹಾಗೆ ಘೋಷಿಸಿಲ್ಲ ಎಂದು ಕೇಂದ್ರ ಕ್ರೀಡಾ ಸಚಿವಾಲಯವೇ ಉತ್ತರ ಕೊಟ್ಟಿತು. ಅದನ್ನೇ ವಿವರಿಸಿದೆ. ಮೂರನೇ ಮಹಡಿಯ ರಾಯರು ಎದ್ದು ನಿಂತರು.

"ಸಚಿವಾಲಯಕ್ಕೆ ಏನ್ರೀ ಗೊತ್ತು? ಮೂರನೇ ಕ್ಲಾಸಿನ ಪುಸ್ತಕ. ಬಲಗಡೆ ಪುಟ. ಮೇಲೆ ನವಿಲು, ಕೆಳಗೆ ಹಾಕಿ ಸ್ಟಿಕ್. ಹಳದಿ ಬಣ್ಣ."

ಪುಸ್ತಕದ ಮಾತು ಇರಲಿ. ಎಷ್ಟೋ ಜಿಕೆ ಗೈಡುಗಳು ಹಾಗೇ ಅಚ್ಚು ಹಾಕಿವೆ. ಆದರೆ ರಾಯರ ಪಕ್ಕದಲ್ಲಿದ್ದ ನಿವೃತ್ತ ಮೇಷ್ಟ್ರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪ್ರಧಾನಿಗಳು ಆಕಾಶವಾಣಿಯಲ್ಲಿ ಘೋಷಣೆ ಮಾಡಿದ್ದನ್ನು ಅವರು ಕಿವಿಯಾರೆ ಕೇಳಿದ್ದರಂತೆ. ಆವತ್ತು ಮಳೆಯಂತೆ. ರೇಡಿಯೊ ಗೊರಗೊರ ಅನ್ನುತ್ತಿತ್ತಂತೆ. ನಡೆಯದ ಘೋಷಣೆಗೆ ಮಳೆಯೂ ಬಂದಿತ್ತು!

ತಮಾಷೆ ಏನೆಂದರೆ, ಯಾರಾದರೂ "ಹಿಂದಿ ರಾಷ್ಟ್ರಭಾಷೆ" ಅಂದರೆ ಇದೇ ರಾಯರು ಸಂವಿಧಾನದ 343ನೇ ವಿಧಿಯನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ಎಲ್ಲಿ ಬರೆದಿದೆ ತೋರಿಸಿ, ಪುಟ ತೋರಿಸಿ ಎಂದು ಬೆವರಿಳಿಸುತ್ತಾರೆ. ಹಾಕಿಗೆ ಮಾತ್ರ ಮೂರನೇ ಕ್ಲಾಸಿನ ನವಿಲು ಸಾಕು.

ನನಗೆ ಅವರ ಮೇಲೆ ಕನಿಕರವೂ ಇದೆ. ಪಕ್ಷಿಗೆ ನವಿಲು, ಪ್ರಾಣಿಗೆ ಹುಲಿ, ಹಣ್ಣಿಗೆ ಮಾವು, ಮರಕ್ಕೆ ಆಲ. 2009ರಲ್ಲಿ ಗಂಗಾ ನದಿಯ ಡಾಲ್ಫಿನ್‌ಗೂ ಒಂದು ಪಟ್ಟ ಸಿಕ್ಕಿತು. ಇಷ್ಟೆಲ್ಲ ಕೊಟ್ಟ ಸರ್ಕಾರ ಆಟಕ್ಕೆ ಕೊಡದೆ ಇರುತ್ತದೆಯೇ? ಖಾಲಿ ಖಾನೆ ಕಂಡರೆ ಮನಸ್ಸಿಗೆ ತಡೆಯಲಾಗದು, ತುಂಬಿಬಿಡುತ್ತದೆ. ತುಂಬಲು ಎಂಟು ಒಲಿಂಪಿಕ್ ಚಿನ್ನದ ಹಾಕಿ ಕೈಯಳತೆಯಲ್ಲೇ ಇತ್ತು. ಎಲ್ಲರ ತಲೆಯಲ್ಲೂ ಅದೇ ಖಾನೆ, ಅದೇ ಹಾಕಿ. ಹಾಗಾಗಿ ಎಲ್ಲರದ್ದೂ ಒಂದೇ ತಪ್ಪು.

1992ರ ಅಕ್ಟೋಬರಿನಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಸರಕು ವಿಮಾನವೊಂದು ವಸತಿ ಕಟ್ಟಡಕ್ಕೆ ಬಡಿಯಿತು. ಹತ್ತು ತಿಂಗಳ ನಂತರ ಮನಶ್ಶಾಸ್ತ್ರಜ್ಞರು ವಿಶ್ವವಿದ್ಯಾಲಯದವರನ್ನೇ ಕೇಳಿದರು: ವಿಮಾನ ಬಡಿದ ಕ್ಷಣವನ್ನು ಟಿವಿಯಲ್ಲಿ ನೋಡಿದ್ರಾ? ಶೇಕಡಾ 55 ಮಂದಿ ನೋಡಿದ್ದೇವೆ ಎಂದರು. ಆ ಕ್ಷಣವನ್ನು ಯಾವ ಕ್ಯಾಮೆರಾವೂ ಸೆರೆಹಿಡಿದಿರಲೇ ಇಲ್ಲ. ಸುದ್ದಿ ಕೇಳಿದ್ದರು, ಬೆಂಕಿ ನೋಡಿದ್ದರು, ನಡುವಿನ ರೀಲನ್ನು ತಾವೇ ತೆಗೆದುಕೊಂಡಿದ್ದರು.

ನಾನು ಇದನ್ನು ಹೇಳಿದ್ದೇ ತಡ, ನಾಲ್ಕನೇ ಮಹಡಿಯ ಸಾಫ್ಟ್‌ವೇರ್ ಹುಡುಗ ಮೈಕ್ ಕಿತ್ತುಕೊಂಡ. "ಅಂಕಲ್, ಇದು ಮಂಡೇಲಾ ಎಫೆಕ್ಟ್. ನಾವು ಇನ್ನೊಂದು ಯೂನಿವರ್ಸ್‌ನಿಂದ ಬಂದಿರೋದು. ಅಲ್ಲಿ ಹಾಕಿನೇ ರಾಷ್ಟ್ರೀಯ ಕ್ರೀಡೆ."

ಮಂಡೇಲಾ 1990ರಲ್ಲಿ ಜೈಲಿನಿಂದ ಹೊರಬಂದರು, 1994ರಲ್ಲಿ ದಕ್ಷಿಣ ಆಫ್ರಿಕಾದ ಅಧ್ಯಕ್ಷರಾದರು, 2013ರಲ್ಲಿ ತೀರಿಕೊಂಡರು. ಅವರು ಎಂಬತ್ತರ ದಶಕದಲ್ಲೇ ಜೈಲಿನಲ್ಲಿ ಸತ್ತರು, ಶವಯಾತ್ರೆಯನ್ನು ಟಿವಿಯಲ್ಲಿ ನೋಡಿದ ನೆನಪಿದೆ ಅನ್ನುವವರು ಇದ್ದಾರೆ. ಹೀಗೆ ಹಲವರಿಗೆ ಒಂದೇ ಸುಳ್ಳು ನೆನಪು ಇರುವುದಕ್ಕೆ ಮಂಡೇಲಾ ಎಫೆಕ್ಟ್ ಎಂಬ ಹೆಸರು ಬಂದದ್ದು ಇದರಿಂದಲೇ. ದಿನಾಂಕ ತೋರಿಸಿದರೆ ಕೆಲವರು ಬ್ರಹ್ಮಾಂಡವನ್ನೇ ಎರಡು ಮಾಡಿಕೊಳ್ಳುತ್ತಾರೆ. "ಓ, ಮರೆತಿದ್ದೆ" ಎನ್ನುವುದಕ್ಕಿಂತ ಅದು ಸುಲಭ, ಅಲ್ವಾ?

ಕೊನೆಗೆ ಸಂಘದ ಕಾರ್ಯದರ್ಶಿ ಕೈ ಎತ್ತಿಸಿದರು. ಹಾಕಿಗೆ 61, ನನಗೆ 1. ಆ ಒಂದೂ ನನ್ನದೇ. ನಡಾವಳಿ ಪುಸ್ತಕದಲ್ಲಿ "ಸರಿಯಾದ ಉತ್ತರ: ಹಾಕಿ (ಬಹುಮತದಿಂದ)" ಎಂದು ಬರೆದು, ಕ್ವಿಜ್ ಮಾಸ್ಟರ್ ಎಂದು ನನ್ನ ಸಹಿಯನ್ನೂ ಹಾಕಿಸಿಕೊಂಡರು. ಜಾಮೂನು ಕೈಯಲ್ಲಿತ್ತು, ಹಾಕಿದೆ.

ಮನೆಗೆ ಬಂದು ಹೆಂಡತಿಯ ಹತ್ತಿರ ಗೋಳು ಹೇಳಿಕೊಂಡೆ. ಅವಳು ತಲೆ ಎತ್ತದೆ ಹೇಳಿದಳು: "2021ರಲ್ಲಿ ಟೋಕಿಯೊದಲ್ಲಿ ಕಂಚು ಬಂದಾಗ ಟಿವಿ ಮುಂದೆ ಕುಣಿದು, ಎಷ್ಟಾದ್ರೂ ನಮ್ಮ ರಾಷ್ಟ್ರೀಯ ಕ್ರೀಡೆ ಕಣೇ ಅಂದಿದ್ದು ನೀವೇ ಅಲ್ವಾ?"

ನಾನು ಹಾಗೆ ಅಂದೇ ಇಲ್ಲ. ಆ ಪಂದ್ಯ ನಾನು ನೋಡಿಯೇ ಇಲ್ಲ, ವಾಕಿಂಗ್ ಹೋಗಿದ್ದೆ. ಅಷ್ಟರಲ್ಲಿ ಮಗಳು ಒಳಗಿನಿಂದ ಕೂಗಿದಳು: "ಅಂದ್ರಿ ಅಪ್ಪಾ. ಕಾಫಿ ಕೂಡ ಚೆಲ್ಲಿದ್ರಿ."

ಈಗ ಇದನ್ನು ಬರೆಯಲು ಕೂತರೆ ಸೋಫಾ ಮೇಲಿನ ಕಲೆ ಕಣ್ಣಿಗೆ ಬೀಳುತ್ತಿದೆ. ಒಂದು ಪುಸ್ತಕವೂ ಕಣ್ಣಮುಂದೆ ಬರುತ್ತಿದೆ. ಬಲಗಡೆ ಪುಟ, ಮೇಲೆ ನವಿಲು. ಆದರೆ ಸ್ಟಿಕ್ ರಾಯರು ಹೇಳಿದ ಹಾಗೆ ಹಳದಿ ಅಲ್ಲ. ಕಂದು ಬಣ್ಣ.