ಗಲ್ಲಿ ನೋಡದೆ ದರ ಹೇಳುವವರಿಗೆ ಹಳೆಯ ಮನೆ ಒಪ್ಪಿಸಬೇಡಿ

ಬೀದರಿನ ಹಳೆಯ ಊರಿನೊಳಗೆ ಮನೆ ಖಾಲಿ ಮಾಡುವವರು ಯಾರೇ ಕೇಳಿದರೂ ನಾನು ಹೇಳುವುದು ಇಷ್ಟು: ಗಲ್ಲಿಯಲ್ಲಿ ನಡೆದು ಬಂದು, ಬಾಗಿಲು ನೋಡಿ, ಮಾಳಿಗೆಯ ಮೆಟ್ಟಿಲು ಹತ್ತಿ ಇಳಿದು, ಆಮೇಲೆ ದರ ಹೇಳುವವರಿಗೆ ಮಾತ್ರ ಸಾಮಾನು ಒಪ್ಪಿಸಿ. ಮೊಬೈಲಿಗೆ ನಾಲ್ಕು ಫೋಟೊ ತರಿಸಿಕೊಂಡು ಕೂತಲ್ಲಿಂದಲೇ ಮೊತ್ತ ಹೇಳುವ ಪದ್ಧತಿ ಲಿಫ್ಟ್ ಇರುವ ಅಪಾರ್ಟ್‌ಮೆಂಟಿಗೆ ನಡೆಯುತ್ತದೆ. ಹಳೆಯ ಊರಿನ ನಡುವಿನ ಚೌಬಾರಾ ಗೋಪುರದ ಸುತ್ತಲಿನ ಮನೆಗಳಿಗೆ ನಡೆಯುವುದಿಲ್ಲ.

ನಾನು ಪುಣೆಯಲ್ಲಿ ನೆಲೆಸಿ ಬಹಳ ವರ್ಷಗಳಾದವು. ಮೊದಲು ಬಾಡಿಗೆಗೆ ಇದ್ದದ್ದು ನಾರಾಯಣ ಪೇಟೆ ಎಂಬ ಹಳೆಯ ಬಡಾವಣೆಯ ವಾಡೆಯೊಂದರಲ್ಲಿ, ಅಂದರೆ ಅಂಗಳವಿರುವ ಹಳೆಯ ಕಾಲದ ದೊಡ್ಡ ಮನೆಯಲ್ಲಿ. ಪೇಟೆಗಳ ವಾಡೆಗಳನ್ನು ಕೆಡವಿ ಬಹುಮಹಡಿ ಕಟ್ಟಡ ಎಬ್ಬಿಸುತ್ತಿರುವುದರಿಂದ ಅಲ್ಲಿ ಸಂಸಾರ ಎತ್ತಿಕೊಂಡು ಹೊರಡುವುದು ಅಪರೂಪವಲ್ಲ. ಕಿರಿದಾದ ಮರದ ಜಿನೆ (ಮೆಟ್ಟಿಲು), ತಲೆ ಬಗ್ಗಿಸಿ ದಾಟಬೇಕಾದ ಚಿಕ್ಕ ದಿಂಡಿ ಬಾಗಿಲು, ಟೆಂಪೊ ತಿರುಗದ ಬೋಳ (ಗಲ್ಲಿ): ಇದೆಲ್ಲ ನಮ್ಮ ಬೀದರಿನಂತೆಯೇ. ಆದರೆ ಕೆಲಸ ಒಪ್ಪಿಸುವ ರೀತಿ ಬೇರೆ. ಮುಂಚೆಯೇ ಒಬ್ಬರು ಬಂದು ಸಾಮಾನು ಎಣಿಸುತ್ತಾರೆ. ಯಾವ ಕುರ್ಚಿಯ ಕಾಲು ಮೊದಲೇ ಸಡಿಲವಿದೆ, ಯಾವ ಕನ್ನಡಿಯ ಮೂಲೆ ಮುರಿದಿದೆ ಎಂಬುದೂ ಪಟ್ಟಿಯಲ್ಲಿ ಬರುತ್ತದೆ. ಇಬ್ಬರೂ ಸಹಿ ಮಾಡುತ್ತಾರೆ. ಲಕ್ಷ್ಮೀ ರಸ್ತೆಯಲ್ಲಿ ಗಿರಾಕಿಗಳ ದಟ್ಟಣೆ ಶುರುವಾಗುವ ಮುನ್ನ, ಬೆಳಗಿನ ಹೊತ್ತಿನಲ್ಲೇ, ಗಾಡಿ ತುಂಬಿರುತ್ತದೆ.

ಇದರ ಹಿಂದೆ ಒಂದು ದೊಡ್ಡ ಹೋರಾಟವಿದೆ ಎಂದು ನಾನು ನಂಬಿದ್ದೇನೆ. ಕಾರ್ಮಿಕ ನಾಯಕ ಬಾಬಾ ಆಢಾವ ಅವರು ಪುಣೆಯ ಹಮಾಲರನ್ನು ಕೂಡಿಸಿ ಹಮಾಲ ಪಂಚಾಯತ್ ಎಂಬ ಸಂಘ ಕಟ್ಟಿದರು. 1969ರಲ್ಲಿ ಮಹಾರಾಷ್ಟ್ರ ಮಾಥಾಡಿ (ತಲೆಯ ಮೇಲೆ ಹೊರೆ ಹೊರುವ) ಹಮಾಲರ ಕಾನೂನು ಮಾಡಿತು. ಅದರಂತೆ ಮಾಲೀಕರು ಕೂಲಿಯನ್ನೂ ಅದರ ಮೇಲಿನ ಲೆವಿಯನ್ನೂ (ಹೆಚ್ಚುವರಿ ವಂತಿಗೆ) ಆ ಕಾನೂನಿನ ಮಂಡಳಿಗೆ ಕಟ್ಟಬೇಕು. ಮಂಡಳಿ ಹಮಾಲರಿಗೆ ಕೂಲಿ ಕೊಟ್ಟು ಭವಿಷ್ಯನಿಧಿ, ಗ್ರ್ಯಾಚುಟಿ ನೋಡಿಕೊಳ್ಳುತ್ತದೆ. ಮಾರುಕಟ್ಟೆ, ಗೋದಾಮು, ಕಾರ್ಖಾನೆಗಳನ್ನು ಮನಸ್ಸಿನಲ್ಲಿಟ್ಟು ಬಂದ ಕಾನೂನು ಇದು. ಮನೆ ಸಾಮಾನಿನ ಲೆಕ್ಕವೇ ಬೇರೆ, ನಿಜ. ಕಾನೂನಿನ ಹೆಸರು ಹೇಳಿಕೊಂಡು ಸುಲಿಗೆಗೆ ಇಳಿದವರೂ ಇದ್ದಾರೆ, ಅದೂ ನಿಜ. ಆದರೂ ಭಾರ ಹೊರುವುದು ಒಂದು ಕಸುಬು, ಅದಕ್ಕೆ ದರ ಇದೆ, ಕಾಗದ ಇದೆ ಎಂಬ ತಿಳಿವಳಿಕೆ ಆ ಊರಿನಲ್ಲಿ ಬೇರು ಬಿಟ್ಟಿದೆ.

ಈಗ ಬೀದರಿಗೆ ಬರುತ್ತೇನೆ. ಕಾಕಾ ಮತ್ತು ಕಾಕು ವಯಸ್ಸಾಯಿತೆಂದು ನಮ್ಮ ಜೊತೆ ಇರಲು ಪುಣೆಗೆ ಹೊರಟರು. ಅವರ ಮನೆ ಚೌಬಾರಾದಿಂದ ಮಹಮೂದ್ ಗವಾನ್ ಮದರಸಾಕ್ಕೆ ಹೋಗುವ ದಾರಿಯ ಒಂದು ಒಳಗಲ್ಲಿಯಲ್ಲಿದೆ. ಕೆಂಪು ಜಂಬಿಟ್ಟಿಗೆಯ ದಪ್ಪ ಗೋಡೆ, ಅಂಗಳ, ಪಡಸಾಲೆ, ಮೇಲೆ ಒಂದು ಮಾಳಿಗೆ. ಫೋಟೊ ನೋಡಿ ಒಪ್ಪಿಕೊಂಡ ಕಂಪನಿಯವರ ಲಾರಿ ಗಲ್ಲಿಯ ಬಾಯಿಗೂ ಬರಲಾಗದೆ ದೂರದ ರಸ್ತೆಯಲ್ಲೇ ನಿಂತಿತು. ಬಂದ ಹುಡುಗರು ತೇಗದ ಅಲಮಾರಿಯನ್ನು ನೋಡಿದರು, ಬಾಗಿಲನ್ನು ನೋಡಿದರು. ಅವರ ಮುಂದಾಳು ಕಾಕಾನಿಗೆ ಹೇಳಿದ ಮಾತು ಇದು: "ಚೌಕಟ್ಟಿನ ಪಕ್ಕದ ಗೋಡೆ ಒಂದು ಮೊಳ ಒಡೆಯೋಣ ಸಾಹೇಬರೇ, ಆಮೇಲೆ ಸಿಮೆಂಟ್ ಹಾಕಿಸಿಕೊಳ್ಳಿ."

ಈ ಮಾತಿಗೆ ನನಗೆ ಇಂದಿಗೂ ಸಿಟ್ಟು ಇಳಿದಿಲ್ಲ. ಮದರಸಾ 1472ರದು, ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕ. ಪ್ರಾಚೀನ ಸ್ಮಾರಕಗಳ ಕಾನೂನಿನ 2010ರ ತಿದ್ದುಪಡಿಯಂತೆ ಇಂಥ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಹೊಸದು ಕಟ್ಟುವುದಿರಲಿ, ಮನೆಯ ದುರಸ್ತಿಗೂ ಅನುಮತಿ ಬೇಕು. ಗೋಡೆ ಒಡೆಯುವುದು ಅರ್ಧ ಗಂಟೆಯ ಕೆಲಸ. ಅದನ್ನು ಮತ್ತೆ ನಿಲ್ಲಿಸಲು ಎಪ್ಪತ್ತು ದಾಟಿದ ಕಾಕಾ ಅರ್ಜಿ ಹಿಡಿದು ಅಲೆಯಬೇಕು. ಅನುಮತಿಯ ಮಾತು ಬಿಟ್ಟರೂ, ಎಷ್ಟೋ ತಲೆಮಾರು ನಿಂತ ಗೋಡೆಯನ್ನು ಒಂದು ಅಲಮಾರಿಗಾಗಿ ಒಡೆಯುವ ಯೋಚನೆ ಹೊಳೆಯುವುದಾದರೂ ಹೇಗೆ?

ಪಕ್ಕದ ಮನೆಯವರು ಊರಿನ ಧಾನ್ಯದ ಮಾರುಕಟ್ಟೆ ಗಾಂಧಿ ಗಂಜಿನಿಂದ ಹಮಾಲರನ್ನು ಕರೆಸಿದರು. ತೊಗರಿ, ಸೋಯಾಬೀನ್ ಚೀಲ ಹೊರುವವರು. ಅವರಲ್ಲಿ ಹಿರಿಯರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಅವರು ಬಂದ ಕೂಡಲೇ ಚೀಲಕ್ಕೆ ಹಾಕುವ ಕಬ್ಬಿಣದ ಕೊಕ್ಕೆಗಳನ್ನೆಲ್ಲ ತೆಗೆಸಿ ಕಟ್ಟೆಯ ಮೇಲೆ ಇಡಿಸಿದರು; ಮರಕ್ಕೆ ಕೊಕ್ಕೆ ತಾಗಬಾರದು ಎಂದರು. ಹೆಗಲ ಮೇಲಿನ ಟವೆಲನ್ನೇ ಅಳತೆಗೋಲು ಮಾಡಿ ಅಲಮಾರಿಯ ಅಗಲ, ಬಾಗಿಲಿನ ಅಗಲ, ಗಲ್ಲಿಯ ತಿರುವು ಮೂರನ್ನೂ ಅಳೆದರು. ಆಮೇಲೆ ಅಲಮಾರಿಯ ಹಿಂಬದಿಗೆ ಕೈಯಾಡಿಸುತ್ತಾ ಕಾಕಾನನ್ನು ಕೇಳಿದರು: "ಇದು ಬಾಗಿಲಿನಿಂದ ಒಳಗೆ ಬಂದದ್ದೇ ಅಲ್ಲ, ಅಲ್ಲವೇ ಅಣ್ಣಾ?"

ನಿಜ. ಕಾಕಾನ ಅಜ್ಜನ ಕಾಲದಲ್ಲಿ ಬಡಗಿ ಇದೇ ಪಡಸಾಲೆಯಲ್ಲಿ ಕೂತು ಮಾಡಿದ್ದನಂತೆ. ಅದಕ್ಕೆ ಮೊಳೆಗಳೇ ಇರಲಿಲ್ಲ, ಮರದ ಬೆಣೆಗಳಿದ್ದವು. ಚಾಚಾ ಹಲಗೆಯ ತುಂಡು ಅಡ್ಡ ಇಟ್ಟು ಮೆಲ್ಲಗೆ ಬಡಿದು ಬೆಣೆಗಳನ್ನು ಒಂದೊಂದಾಗಿ ಹೊರತೆಗೆದರು. ಹಲಗೆಗಳ ಒಳಮೈಗೆ ಸೀಮೆಸುಣ್ಣದಿಂದ ಅಂಕಿ ಬರೆಸಿದರು, ಬೆಣೆಗಳನ್ನು ಕಾಕುವಿನ ಕೈಗೆ ಕೊಟ್ಟು ಗಂಟು ಕಟ್ಟಿಸಿದರು. ಗೋಣಿತಟ್ಟು ಸುತ್ತಿದ ಹಲಗೆಗಳು ಆ ಬಾಗಿಲಿನಿಂದಲೇ ಗೀರು ಬೀಳದೆ ಹೊರಬಂದವು. ಕಾಕುವಿನ ಬಿದ್ರಿ ಹೂಜಿ, ಪಾನದಾನಗಳನ್ನು ಅವರು ಪೆಟ್ಟಿಗೆಯ ತಳಕ್ಕೆ ಹಾಕಲು ಬಿಡಲಿಲ್ಲ. ಅದರಲ್ಲಿ ಸತುವೇ ಹೆಚ್ಚು, ಬಿದ್ದರೆ ಬಿರುಕು ಬಿಡುತ್ತದೆ. ಒದ್ದೆ ತಾಗಬಾರದು, ಒಣ ಮೆತ್ತನೆಯ ಬಟ್ಟೆ ಸುತ್ತಿ ಕೈಯಲ್ಲೇ ಒಯ್ಯಿರಿ ಎಂದರು.

ಅಹ್ಮದ್ ಶಾಹ 15ನೇ ಶತಮಾನದಲ್ಲಿ ಬಹಮನಿ ರಾಜಧಾನಿಯನ್ನೇ ಕಲಬುರಗಿಯಿಂದ ಎತ್ತಿ ಈ ಕೆಮ್ಮಣ್ಣಿನ ಎತ್ತರಕ್ಕೆ ತಂದ. ಆಗಲೂ ಒಂದು ಆಸ್ಥಾನದ ಸಾಮಾನನ್ನು ಯಾರೋ ಹೊತ್ತಿರಲೇಬೇಕು. ಅವರ ಹೆಸರು ಯಾವ ಶಾಸನದಲ್ಲೂ ನಾನು ಕಂಡಿಲ್ಲ.

ಆ ಸಂಜೆ ಕೂಲಿಯ ಮಾತು ಬಂದಾಗ ನಮ್ಮ ಊರಿನ ಕೆಟ್ಟ ರೂಢಿ ಹೊರಬಿತ್ತು. ಫೋಟೊ ನೋಡಿ ದರ ಹೇಳಿದ ಕಂಪನಿಗೆ ಮುಂಗಡ ತುಟಿ ಪಿಟಕ್ಕೆನ್ನದೆ ಹೋಗಿತ್ತು. ಇಡೀ ದಿನ ಬೆವರು ಸುರಿಸಿದ ಹಮಾಲರ ಜೊತೆ ನೆಂಟರು ನೂರು, ಇನ್ನೂರಕ್ಕೆ ಚೌಕಾಸಿಗೆ ಇಳಿದರು. ನಾನು ಒಪ್ಪಲಿಲ್ಲ. ಮಾಲು ಮುರಿದರೆ ಇವರನ್ನು ಹಿಡಿಯುವುದು ಎಲ್ಲಿ, ಕಾಗದ ಇಲ್ಲವಲ್ಲ ಎಂದು ವಾದಿಸಿದರು. ಕಾಗದ ಬರೆಯಬೇಕಾದವರು ಓದುಬರಹ ಬಲ್ಲ ನಾವು. ಒಂದು ಹಾಳೆಯಲ್ಲಿ ಸಾಮಾನಿನ ಪಟ್ಟಿ, ಒಪ್ಪಿದ ಕೂಲಿ, ಎಲ್ಲಿಂದ ಎಲ್ಲಿಗೆ ಹೊರಬೇಕು, ಯಾರಿಗಾದರೂ ಪೆಟ್ಟಾದರೆ ದವಾಖಾನೆ ಖರ್ಚು ಯಾರದು ಎಂದು ಬರೆದು ಇಬ್ಬರೂ ಸಹಿ ಹಾಕಲು ಎಷ್ಟು ಹೊತ್ತು ಬೇಕು? ಪುಣೆಯಿಂದ ಬೀದರು ಕಲಿಯಬೇಕಾದದ್ದು ಇದನ್ನು. ಕಸುಬು ಇಲ್ಲಿಯೇ ಇದೆ.

ಲಾರಿಯವರ ಜೊತೆಗಿನ ಕಾಗದ ಬೇರೆ. ಅಲ್ಲಿ ಬಿಲ್ಟಿ (ಸಾಗಣೆಯ ರಸೀದಿ) ಬೇಕೇ ಬೇಕು. 2007ರ ರಸ್ತೆ ಸಾಗಣೆ ಕಾನೂನಿನಂತೆ ಸಾಗಣೆದಾರರು ನೋಂದಣಿ ಮಾಡಿಸಿರಬೇಕು. ನೀವು ಹೆಚ್ಚಿನ ಮೌಲ್ಯ ಘೋಷಿಸಿ ಅದಕ್ಕೆ ಒಪ್ಪಂದ ಮಾಡಿಕೊಳ್ಳದಿದ್ದರೆ ನಷ್ಟಕ್ಕೆ ಅವರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ. ತೇಗ, ಬಿದ್ರಿ ಇರುವ ಮನೆಯವರು ಮೌಲ್ಯವನ್ನು ಮೊದಲೇ ಬರೆಸುವುದು ಒಳ್ಳೆಯದು. ನಷ್ಟವಾದರೆ ಮಾಲು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಡಬೇಕು. ರಾಜ್ಯದ ಗಡಿ ದಾಟುತ್ತದೆ, ಜಿಎಸ್‌ಟಿಯ ಇ-ವೇ ಬಿಲ್ಲಿಗೆ ಇಷ್ಟು ಕೊಡಿ ಎಂದು ಯಾರಾದರೂ ಕೇಳಿದರೆ ಕೊಡಬೇಡಿ. ಬಳಸಿದ ಮನೆ ಸಾಮಾನಿಗೆ ಅದು ಬೇಕಿಲ್ಲ.

ಇನ್ನೊಂದು ವಿಷಯ. ಹಳೆಯ ಊರಿನಲ್ಲಿ ಎರಡು ಕೆಲಸಗಳಿವೆ: ಮನೆಯಿಂದ ಲಾರಿಯವರೆಗೆ, ಲಾರಿಯಿಂದ ಮುಂದಿನ ಊರಿಗೆ. ಎರಡನ್ನೂ ಒಂದೇ ಮೊತ್ತದಲ್ಲಿ ಕಂಪನಿಗೆ ಕೊಟ್ಟರೆ ಗಲ್ಲಿಯಲ್ಲಿ ಹೊರುವವನ ಪಾಲು ಸವೆಯುತ್ತಾ ಹೋಗುತ್ತದೆ. ಗಲ್ಲಿಯ ಕೆಲಸಕ್ಕೆ ಗಂಜಿನ ಹಮಾಲರನ್ನು ನೀವೇ ಗೊತ್ತು ಮಾಡಿ, ಕೂಲಿಯನ್ನು ಅವರ ಕೈಗೇ ಕೊಡಿ, ಕಂಪನಿಗೆ ಲಾರಿಯ ಬಾಡಿಗೆ ಮಾತ್ರ ಕೊಡಿ. ಕೂಲಿ ಕೊಡುವಾಗ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲಿ ಹೆಸರು ಬರೆಸಿದ್ದೀರಾ ಎಂದೂ ಕೇಳಿ. ರಾಜ್ಯದ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯ ಆ ಯೋಜನೆ ಹಮಾಲರಿಗೂ ಇದೆ. ಬರೆಸಿಲ್ಲ ಎಂದರೆ ಅರ್ಜಿ ತುಂಬಿಕೊಡಿ. ಚಾಚಾ ಅವರ ತಂಡದಲ್ಲಿ ಇಬ್ಬರ ಹೆಸರು ಇರಲಿಲ್ಲ. ನನ್ನ ತಮ್ಮ ಮರುದಿನವೇ ಅವರ ಜೊತೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ಬಂದ.