ಬಸ್ ಬಿಡದಿರುವುದು ಹೇಗೆ: ಒಂದು ದ್ವೀಪದ ಕೈಪಿಡಿ

ಬಸ್ ಬಿಡುವುದು ದೊಡ್ಡ ವಿದ್ಯೆಯೇನಲ್ಲ. ಟೆಂಡರ್ ಕರೆದು, ಬಾವುಟ ಬೀಸಿ, ಮಂತ್ರಿಗಳು ಕಿಟಕಿ ಪಕ್ಕ ಕೂತು ಫೋಟೊ ತೆಗೆಸಿಕೊಂಡು, ಮುಂದಿನ ಸ್ಟಾಪಿನಲ್ಲಿ ಇಳಿದು ತಮ್ಮ ಕಾರು ಹತ್ತಿದರೆ ಆಯಿತು. ಬಸ್ ಬಿಡದೆಯೇ ತಲೆಮಾರುಗಟ್ಟಲೆ ಕಾಲ ತಳ್ಳುವುದಿದೆಯಲ್ಲ, ವಿದ್ಯೆ ಎಂದರೆ ಅದು. ಕಲಿಯುವ ಆಸೆಯಿದ್ದವರು ಕೆನಡಾದ ಪ್ರಿನ್ಸ್ ಎಡ್ವರ್ಡ್ ಐಲೆಂಡಿನ ಕಾಲಿಗೆ ಬೀಳಬೇಕು.

ಆ ದೇಶದ ಅತಿ ಚಿಕ್ಕ ಪ್ರಾಂತ್ಯ ಅದು. 5,660 ಚದರ ಕಿ.ಮೀ. ನೆಲ, 2021ರ ಜನಗಣತಿಯಂತೆ 1,54,331 ಜನ. ಅತಿ ಎತ್ತರದ ಜಾಗ ಸಮುದ್ರಮಟ್ಟದಿಂದ 142 ಮೀಟರ್. ಘಾಟಿ ಇಲ್ಲ, ಕಣಿವೆ ಇಲ್ಲ. ಉದ್ದಕ್ಕೆ ಚಾಚಿಕೊಂಡ ದ್ವೀಪ, ನಡುಭಾಗದಲ್ಲಿ ರಾಜಧಾನಿ ಷಾರ್ಲೆಟ್‌ಟೌನ್. ಪೂರ್ವಕ್ಕೊಂದು ಗೆರೆ, ಪಶ್ಚಿಮಕ್ಕೊಂದು ಗೆರೆ ಎಳೆದರೆ ಬಸ್ ಮಾರ್ಗದ ನಕ್ಷೆ ಮುಗಿಯಿತು. ಇಂಥ ಕಡೆ ಬಸ್ ತಪ್ಪಿಸುವುದೆಂದರೆ ಸುಮ್ಮನೆ ಆಗುವ ಕೆಲಸವೇ?

ಮೊದಲು ಖಜಾನೆ ಖಾಲಿಯಾಗಬೇಕು. 1871ರಲ್ಲಿ, ದ್ವೀಪ ಇನ್ನೂ ಕೆನಡಾ ಸೇರಿರದ ಕಾಲಕ್ಕೆ, ಅಲ್ಲಿ ರೈಲುಹಾದಿಯ ಕೆಲಸ ಶುರುವಾಯಿತು. ಗುತ್ತಿಗೆದಾರರಿಗೆ ಮೈಲಿಗೆ ಇಂತಿಷ್ಟು, ಸುಮಾರು 5,000 ಪೌಂಡ್, ಎಂದು ಗೊತ್ತುಮಾಡಿದರು. ಒಟ್ಟು ಎಷ್ಟು ಮೈಲಿ ಎಂಬ ಸಣ್ಣ ವಿಷಯವನ್ನು ಮಾತ್ರ ಯಾರೂ ಕೇಳಲಿಲ್ಲ. ದಿಬ್ಬ ಕಡಿದು ತಗ್ಗು ತುಂಬಿದರೆ ಕೂಲಿ ಖರ್ಚು, ದಿಬ್ಬ ಬಳಸಿ ಹೋದರೆ ಮೈಲಿ ಲಾಭ. ಗುತ್ತಿಗೆದಾರನಿಗೆ ಗಣಿತ ಬರುತ್ತಿತ್ತು. ಕಂಬಿ ಹಾವಿನಂತೆ ಹರಿಯಿತು, ಸಾಲ ಬೆಟ್ಟದಂತೆ ಬೆಳೆಯಿತು. ಕೊನೆಗೆ ಕೆನಡಾ ಸಾಲ ಹೊರುವುದಾದರೆ ನಾವೂ ನಿಮ್ಮೊಡನೆ ಎಂದು 1873ರ ಜುಲೈ 1ರಂದು ಒಕ್ಕೂಟ ಸೇರಿದರು. ಒಂದು ಸಾರಿಗೆ ಯೋಜನೆಗಾಗಿ ಇಡೀ ನಾಡನ್ನೇ ಅಡ ಇಟ್ಟವರ ಮುಂದೆ ನಮ್ಮ ನಿಮ್ಮ ನಿಗಮಗಳ ನಷ್ಟ ಯಾವ ಲೆಕ್ಕ.

ಎರಡನೇ ಪಾಠ ರಸ್ತೆಯದು. 1866ರಲ್ಲೇ ರಸ್ಟಿಕೊ ಎಂಬ ಹಳ್ಳಿಯ ಪಾದ್ರಿ ಬೆಲ್‌ಕೋರ್ ಒಂದು ಹಬೆ ಗಾಡಿ ತರಿಸಿದ್ದರು. ಕೆನಡಾದ ಮೊದಲ ಕಾರು ಅದೇ ಎನ್ನುತ್ತಾರೆ. ಕಾರಿನ ವಿಷಯದಲ್ಲಿ ದೇಶಕ್ಕೇ ಮುಂದಿದ್ದ ದ್ವೀಪ 1908ರಲ್ಲಿ ಕಾನೂನು ಮಾಡಿ ಮೋಟಾರು ವಾಹನಗಳನ್ನೇ ರಸ್ತೆಯಿಂದ ಹೊರಗಟ್ಟಿತು. ಕುದುರೆ ಬೆದರುತ್ತದೆ, ರೈತ ಸಂತೆಗೆ ಹೋಗಲಾರ ಎಂಬುದು ಕಾರಣ. ಆ ಕಾಲಕ್ಕೆ ಅದು ಪೂರ್ತಿ ಹುಚ್ಚೂ ಅಲ್ಲ. ಹುಚ್ಚು ಬಂದದ್ದು ರಾಜಿಯಲ್ಲಿ. 1913ರಲ್ಲಿ ವಾರಕ್ಕೆ ಮೂರು ದಿನ, ಸೋಮವಾರ, ಬುಧವಾರ, ಗುರುವಾರ, ಕಾರು ಓಡಿಸಬಹುದು ಎಂದರು. ಮಂಗಳವಾರ, ಶುಕ್ರವಾರ ಕುದುರೆಯ ದಿನ. ಬುಧವಾರ ಊರಿಗೆ ಹೋದವನು ಗುರುವಾರ ಸಂಜೆಯೊಳಗೆ ಮನೆ ಸೇರದಿದ್ದರೆ ಸೋಮವಾರದವರೆಗೆ ನೆಂಟರ ಮನೆಯೇ ಗತಿ. ಪೂರ್ತಿ ಬಿಡುಗಡೆ ಸಿಕ್ಕಿದ್ದು 1919ರಲ್ಲಿ. ಅಷ್ಟರಲ್ಲಿ ಬೇರೆ ಊರುಗಳಲ್ಲಿ ಬಸ್ ಟೈಮ್‌ಟೇಬಲ್ ಅಚ್ಚಾಗಿ ಹಳತಾಗಿತ್ತು.

ಮೂರನೆಯದು ಇದ್ದುದನ್ನು ಕೀಳುವುದು. ರೈಲಿನ ಪ್ರಯಾಣಿಕ ಸೇವೆ 1960ರ ದಶಕದ ಕೊನೆಗೆ ನಿಂತಿತು, 1989ರ ಡಿಸೆಂಬರ್ 31ರಂದು ಹಾದಿಯನ್ನೇ ಕೈಬಿಟ್ಟರು. ಕಂಬಿ ಕಿತ್ತು ಜಲ್ಲಿ ಹಾಸಿ ನಡಿಗೆ ಮತ್ತು ಸೈಕಲ್ ಹಾದಿ ಮಾಡಿದರು. 400 ಕಿ.ಮೀ.ಗೂ ಉದ್ದ, ಬಹಳ ಚೆಂದದ ಹಾದಿ. ರೈಲು ಏರು ಹತ್ತಲಾರದು ಎಂದು ದಿಬ್ಬ ತಪ್ಪಿಸಿದ್ದ ಹಾದಿಯಾದ್ದರಿಂದ ಸೈಕಲ್ ತುಳಿಯುವವರಿಗೆ ಏದುಸಿರಿಲ್ಲ. ಮೈಲಿ ಲೆಕ್ಕದ ಅಂಕುಡೊಂಕೂ ಈಗ ಪ್ರವಾಸಿಗೆ ಸೊಬಗು. ಸಾರ್ವಜನಿಕರು ದ್ವೀಪದ ಈ ತುದಿಯಿಂದ ಆ ತುದಿಗೆ ಹೋಗಲು ಸರ್ಕಾರ ಏನೂ ಮಾಡಲಿಲ್ಲ ಎಂದು ಇನ್ನು ಯಾರೂ ದೂರುವಂತಿಲ್ಲ. ನಡೆದು ಹೋಗಲಿ.

1997ರಲ್ಲಿ ದ್ವೀಪವನ್ನು ಮುಖ್ಯಭೂಮಿಗೆ ಜೋಡಿಸುವ ಸೇತುವೆ ಬಂತು. 12.9 ಕಿ.ಮೀ., ಮೇ 31ರಂದು ಉದ್ಘಾಟನೆ. ದ್ವೀಪಕ್ಕೆ ಬರಲು ಸುಂಕವಿಲ್ಲ, ಬಿಟ್ಟು ಹೋಗುವಾಗ ಮಾತ್ರ ಕಟ್ಟಬೇಕು. ಕಾರಿಗೆ ಐವತ್ತು ಡಾಲರ್ ದಾಟಿದ್ದ ಸುಂಕವನ್ನು 2025ರ ಆಗಸ್ಟ್‌ನಲ್ಲಿ 20ಕ್ಕೆ ಇಳಿಸಿದರು. ಸೇತುವೆಯ ಮೇಲೆ ನಡೆಯುವಂತಿಲ್ಲ, ಸೈಕಲ್ ತುಳಿಯುವಂತಿಲ್ಲ. ಅಂಥವರನ್ನು ಷಟಲ್ ವಾಹನದಲ್ಲಿ ಕೂರಿಸಿ ದಾಟಿಸುತ್ತಾರೆ. ಹೀಗೆ ಕಾರಿಲ್ಲದವನಿಗೆ ವಾಹನ ಬಂದೇ ಬರುತ್ತದೆ ಎಂಬ ಖಾತರಿ ಇರುವ ಜಾಗ ಒಂದುಂಟು. ಅದು ಸಮುದ್ರದ ಮೇಲೆ. ಸೇತುವೆ ಕಟ್ಟಿದವರಿಗೆ ಒಕ್ಕೂಟ ಸರ್ಕಾರ ವರ್ಷಾವರ್ಷ ಸಹಾಯಧನ ಕೊಡುತ್ತದೆ, ಅದಕ್ಕೆ ಯಾರೂ ನಷ್ಟ ಎನ್ನುವುದಿಲ್ಲ. ನಷ್ಟ ಎಂಬ ಮಾತನ್ನು ಬಸ್ಸಿಗೆಂದೇ ಎತ್ತಿಟ್ಟಿದ್ದಾರೆ.

ರಾಜಧಾನಿಯಲ್ಲಿ ಈಗಿರುವ ನಗರ ಬಸ್ ಶುರುವಾದದ್ದು 2005ರಲ್ಲಿ. ಅದೂ ಓಡಿಸುವುದು ಖಾಸಗಿ ಕಂಪನಿ, ದುಡ್ಡು ನಗರಾಡಳಿತದ್ದು. ಪ್ರಾಂತ್ಯಗಳ ನಡುವೆ ಓಡುತ್ತಿದ್ದ ಅಕೇಡಿಯನ್ ಲೈನ್ಸ್ 2012ರ ನವೆಂಬರ್ 30ಕ್ಕೆ ಕೈಯೆತ್ತಿತು, ಮರುದಿನವೇ ಮ್ಯಾರಿಟೈಮ್ ಬಸ್ ಆ ಜಾಗಕ್ಕೆ ಬಂತು. ಹಳ್ಳಿಗಳಿಗೆ ಮಾತ್ರ ಹಳೆಯ ವಾದವೇ ಗಟ್ಟಿ: ಬಸ್ಸಿಗೆ ಜನ ಎಲ್ಲಿದ್ದಾರೆ? ಸ್ಟಾಪಿನಲ್ಲಿ ಒಬ್ಬರೂ ನಿಂತಿಲ್ಲ ನೋಡಿ! ಸ್ಟಾಪೇ ಇಲ್ಲದ ಕಡೆ ನಿಲ್ಲುವವರು ಯಾರು ಎಂದು ಕೇಳಬೇಡಿ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು.

ಕೊನೆಗೆ 2021ರ ಶರತ್ಕಾಲದಲ್ಲಿ ಪೂರ್ವ ಭಾಗದ ಹಳ್ಳಿಗಳಿಗೆ ಎರಡು ಡಾಲರ್ ಟಿಕೆಟ್ಟಿನ ಬಸ್ ಬಂತು, ಮರುವರ್ಷ ಪಶ್ಚಿಮಕ್ಕೂ ಹಬ್ಬಿತು. ಕೈಪಿಡಿಗೆ ಇದೊಂದು ಕಪ್ಪುಚುಕ್ಕೆ. ಆದರೂ ಗಾಬರಿ ಬೇಡ, ಲೆಕ್ಕ ಗೊತ್ತಿದ್ದರೆ ಓಡುವ ಬಸ್ಸನ್ನೂ ನಿಲ್ಲಿಸಬಹುದು.

ಪೂರ್ವದ ಸೂರಿಸ್ ಪಟ್ಟಣದಿಂದ ರಾಜಧಾನಿಗೆ ಸುಮಾರು 80 ಕಿ.ಮೀ. ಸ್ಟಾಪುಗಳೂ ಸೇರಿ ಒಂದೂವರೆ ಗಂಟೆ ಹಿಡಿಯಿರಿ. ಹೋಗಿ ಬರಲು ಮೂರು, ಎರಡೂ ತುದಿಯಲ್ಲಿ ಡ್ರೈವರ್ ಕಾಲು ಚಾಚಲು, ತಡವಾದದ್ದನ್ನು ಸರಿದೂಗಿಸಲು ಇನ್ನರ್ಧ. ಒಂದು ಸುತ್ತಿಗೆ ಮೂರೂವರೆ ಗಂಟೆ. ಗಂಟೆಗೊಂದು ಬಸ್ ಬೇಕೆಂದರೆ ನಾಲ್ಕು ಬಸ್, ಕೆಟ್ಟರೆ ಇರಲಿ ಎಂದು ಐದನೆಯದು. ನೀವು ಒಂದೇ ಬಸ್ ಕೊಡಿ. ದಿನಕ್ಕೆ ಮೂರು ಸುತ್ತು. ಆಸ್ಪತ್ರೆಯಲ್ಲಿ ಹತ್ತು ನಿಮಿಷದ ಕೆಲಸವಿದ್ದವನು ವಾಪಸು ಬಸ್ಸಿಗೆ ಮೂರು ಗಂಟೆ ಕಾಯುತ್ತಾನೆ, ಮುಂದಿನ ಸಲ ಪಕ್ಕದ ಮನೆಯವರ ಕಾರು ಕೇಳುತ್ತಾನೆ.

ಇನ್ನು ದುಡ್ಡು. ನೂರು ಕಿ.ಮೀ.ಗೆ 30 ಲೀಟರ್ ಕುಡಿಯುವ ಬಸ್ಸಿಗೆ ಒಂದು ಸಲ ಹೋಗಲು 24 ಲೀಟರ್ ಡೀಸೆಲ್. ಲೀಟರಿಗೆ ಒಂದೂವರೆ ಡಾಲರ್ ಎಂದರೆ 36 ಡಾಲರ್. ಹದಿನೆಂಟು ಜನ ಹತ್ತಿದರೆ ಡೀಸೆಲ್ ಖರ್ಚು ಹುಟ್ಟಿತು. ಡ್ರೈವರ್ ಸಂಬಳ, ಟಯರು, ವಿಮೆ ಯಾವುದೂ ಅದರಲ್ಲಿಲ್ಲ. ಹಾಗಾಗಿ ಬಸ್ ತುಂಬಿ ಬಂದರೂ ಸಭೆಯಲ್ಲಿ ನಷ್ಟದ ಪಟ್ಟಿ ಓದಬಹುದು. ಅದೇ ಹೆದ್ದಾರಿಯ ಡಾಂಬರು ವರ್ಷಕ್ಕೆ ಎಷ್ಟು ಲಾಭ ತಂದಿತು ಎಂದು ಯಾರೂ ಕೇಳದಂತೆ ಕಾರ್ಯಸೂಚಿ ತಯಾರಿಸಿದರೆ ಸಾಕು.

ಇಷ್ಟಾದರೂ ಜನ ಹತ್ತುತ್ತಲೇ ಇದ್ದರೆ ಟೈಮ್‌ಟೇಬಲ್‌ಗೆ ಕೈ ಹಾಕಿ. ಹಳ್ಳಿ ಬಸ್ 8.05ಕ್ಕೆ ತಲುಪಲಿ, ನಗರ ಬಸ್ 8ಕ್ಕೆ ಹೊರಡಲಿ. ಸಂಜೆಯ ಕೊನೇ ಬಸ್ಸು ಅಂಗಡಿ, ಕಚೇರಿ ಬಾಗಿಲು ಹಾಕುವ ಹತ್ತು ನಿಮಿಷ ಮೊದಲು ಬಿಡಲಿ. ಸಂಜೆ ಬಸ್ ತಪ್ಪಿದವನು ಬೆಳಗಿನ ಬಸ್ಸನ್ನೂ ಬಿಡುತ್ತಾನೆ, ಒಂದೇ ಏಟಿಗೆ ಎರಡು ಟಿಕೆಟ್ ಕಡಿಮೆ. ಸ್ಟಾಪಿನ ಕಂಬವನ್ನು ಹೆದ್ದಾರಿಯ ಅಂಚಿನಲ್ಲೇ ನೆಡಿ. ಹಿಮ ತಳ್ಳುವ ಗಾಡಿ ರಸ್ತೆ ಸ್ವಚ್ಛ ಮಾಡಿ ಎಲ್ಲ ಹಿಮವನ್ನೂ ಅಂಚಿಗೇ ಒಟ್ಟುತ್ತದೆ. ಕಾಯುವವನು ಸೊಂಟದೆತ್ತರದ ದಿಬ್ಬದ ಹಿಂದೆ ನಿಂತರೆ ಡ್ರೈವರ್ ಕಣ್ಣಿಗೆ ಬೀಳುವುದಿಲ್ಲ, ರಸ್ತೆಗಿಳಿದು ನಿಂತರೆ ಲಾರಿಗೆ ಸಿಗುತ್ತಾನೆ. ಅಷ್ಟು ಮಾಡಿ ಸಮೀಕ್ಷೆಗೆ ಆದೇಶಿಸಿ. ಬೇಡಿಕೆ ಇಲ್ಲ ಎಂಬ ವರದಿ ಆರು ತಿಂಗಳಲ್ಲಿ ಕೈಸೇರುತ್ತದೆ, ಜನವರಿಯಲ್ಲಿ ಎಣಿಸಿದರೆ ಇನ್ನೂ ಬೇಗ.